ಹನ್ನೊಂದು ವರ್ಷದ ತಂತಿ, ಹದಿನೈದು ನಿಮಿಷದ ಕುದಿ

ನನ್ನ ಅಕ್ಷರ ಕಾಗೆ ಕಾಲಿನಂತಿದ್ದರೆ ಕ್ಷಮಿಸಿ. ಶಾಲೆ ಬಿಟ್ಟು ಎರಡು ವರ್ಷವಾಯಿತು. ಬರೆಯುವ ರೂಢಿ ತಪ್ಪಿದೆ, ಚೆಂದದ ಮಾತುಗಳೂ ಬರುವುದಿಲ್ಲ. ಸಾಲದ್ದಕ್ಕೆ ಬೆರಳ ತುದಿಗಳಲ್ಲಿ ನಾಲ್ಕು ಬೊಬ್ಬೆಗಳಿವೆ. ಅವು ಬಂದ ಕಥೆಯೇ ಇದು.

ನಮ್ಮ ಜೊತೆಗೇ ಇರುವ ಸೋದರಮಾವ ಬಾಸ್ ಗಿಟಾರ್ ನುಡಿಸುತ್ತಾರೆ. ಸೋಮವಾರ ಅದರ ಪೆಟ್ಟಿಗೆಯ ಕೀಲಿಯನ್ನು ನನ್ನ ಕೈಗಿಟ್ಟು, "ಇನ್ಮೇಲೆ ಇದರ ಜವಾಬ್ದಾರಿ ನಿಂದೇ ಕಣೇ" ಅಂದರು. ಶಾಲೆ ಬಿಟ್ಟ ಮೇಲೆ ನನ್ನನ್ನು ನಂಬಿ ಯಾರಾದರೂ ಏನನ್ನಾದರೂ ಕೊಟ್ಟದ್ದು ಅದೇ ಮೊದಲು. ಲೋಕದ ಕಣ್ಣು ಕುಕ್ಕುವಂತೆ ಈ ವಾದ್ಯವನ್ನು ಬೆಳಗಿಬಿಡುತ್ತೇನೆಂದು ಪಣ ತೊಟ್ಟೆ!

ತೆರೆದು ನೋಡಿದರೆ ತಂತಿಗಳು ಕರ್ರಗಿದ್ದವು. ಕೊಳೆಯಾದ ತಂತಿಯನ್ನು ಕುದಿಸಿದರೆ ಮತ್ತೆ ಹೊಸದರಂತೆ ಖಣಖಣ ಎನ್ನುತ್ತದೆಂದು ಮಾವನ ಗೆಳೆಯರೊಬ್ಬರು ಹೇಳಿದ್ದು ನೆನಪಾಯಿತು. ತಂತಿಗಳನ್ನು ಬಿಚ್ಚಿ ಹಾಲಿನ ಪಾತ್ರೆಯಲ್ಲಿ, ಗಡಿಯಾರ ನೋಡಿಕೊಂಡು, ಹದಿನೈದು ನಿಮಿಷ ಕುದಿಸಿದೆ. ತುದಿಗಳಿಗೆ ಸುತ್ತಿದ್ದ ಕೆಂಪು ದಾರ ಬಿಚ್ಚಿಕೊಂಡು ಬಣ್ಣ ಬಿಟ್ಟಿತು. ತಂತಿಗೆ ಸುತ್ತಿದ ಪಟ್ಟಿಯೂ ಅಲ್ಲಲ್ಲಿ ಸಡಿಲವಾಯಿತು.

ಮಾವ ಬಂದವರು ಪಾತ್ರೆಯೊಳಗೆ ಇಣುಕಿ ಸ್ಟೂಲಿನ ಮೇಲೆ ಕುಸಿದರು. ಆಮೇಲೆ ಒಂದೊಂದಾಗಿ ಹೇಳಿದರು. ಅವು ಚಪ್ಪಟೆ ಪಟ್ಟಿ ಸುತ್ತಿದ ತಂತಿಗಳಂತೆ, ಹಳತಾದಷ್ಟೂ ಚೆನ್ನಂತೆ. ಹನ್ನೊಂದು ವರ್ಷ ಮಾವನ ಬೆರಳ ಬೆವರು ಕುಡಿದು, ಖಣಖಣವೆಲ್ಲ ಅಡಗಿ, ಪಕ್ಕದ ಕೋಣೆಯಲ್ಲಿ ಯಾರೋ ಮೆಲ್ಲಗೆ ಬಾಗಿಲು ಮುಚ್ಚಿದಂಥ ದನಿ ಬಂದಿತ್ತು. ಶನಿವಾರದ ರೆಕಾರ್ಡಿಂಗಿಗೆ ಅವರನ್ನು ಕರೆದದ್ದೇ ಆ ದನಿಗಾಗಿ. ಗೆಳೆಯರು ಹೇಳಿದ ಉಪಾಯ ಬೇರೆ ಜಾತಿಯ ತಂತಿಗೆ. ನಾನು ಮಾಡಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯ.

ಹೊಸ ತಂತಿ ಕೊಳ್ಳಲು ಹೋದ ವಾದ್ಯದಂಗಡಿಯಲ್ಲಿ ಮಾವ ಪ್ರತಿ ತಂತಿಯ ಮೇಲೂ ಉಗುರೆಳೆದು ನೋಡಿದರು. ಎಲ್ಲವೂ ನುಣುಪು, ಎಲ್ಲವೂ ಹೊಸತು.

"ಹನ್ನೊಂದು ವರ್ಷ ಹಳೇದು ಇದೆಯಾ?"

"ಇದನ್ನೇ ತಗೊಂಡ್ಹೋಗಿ ಸಾರ್. ಹನ್ನೊಂದು ವರ್ಷ ಕಾಯಿರಿ," ಎಂದ ಅಂಗಡಿಯವನು.

ನಮಗಿದ್ದದ್ದು ಐದು ದಿನ. ಹೊಸ ತಂತಿ ಚಮಚದ ಡಬ್ಬಿ ಬಿದ್ದಂತೆ ಸದ್ದು ಮಾಡುತ್ತಿತ್ತು. ಪಳಗಿಸಲು ಪಾಳಿ ಹಾಕಿದೆವು: ಬೆಳಿಗ್ಗೆ ಮಾವ, ಮಧ್ಯಾಹ್ನ ನಾನು, ಸಂಜೆ ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲೇ ಅಮ್ಮ. ಕೈ ತೊಳೆಯುವುದನ್ನು ಮಾವ ನಿಷೇಧಿಸಿದ್ದರು. ಗುರುವಾರದ ಹೊತ್ತಿಗೆ ನಾವು ಮೂವರೂ ಪಳಗಿದ್ದೆವು, ತಂತಿ ಮಾತ್ರ ಹಾಗೇ ಇತ್ತು.

ಶನಿವಾರ ಪೆಟ್ಟಿಗೆ ಹೊತ್ತು ನಾನೂ ಹೋದೆ. ಮಾವ ಒಂದು ಸಾಲು ನುಡಿಸಿದ್ದೇ ರೆಕಾರ್ಡಿಂಗಿನವರು ಕೈಯೆತ್ತಿ ನಿಲ್ಲಿಸಿದರು. ಅವರು ಎದ್ದುಹೋಗಿ, ಪಾತ್ರೆ ತಿಕ್ಕುವ ಸ್ಪಂಜಿನ ತುಂಡೊಂದನ್ನು ತಂದು ತಂತಿಗಳ ಬುಡಕ್ಕೆ ತುರುಕಿದರು. ಮಾವ ಮತ್ತೆ ಮೀಟಿದರು.

ಪಕ್ಕದ ಕೋಣೆಯಲ್ಲಿ ಯಾರೋ ಮೆಲ್ಲಗೆ ಬಾಗಿಲು ಮುಚ್ಚಿದರು.

ಮನೆಗೆ ಬಂದು ಹೇಳಿದಾಗ ಅಮ್ಮ ತನ್ನ ಬೊಬ್ಬೆಗಳನ್ನೇ ನೋಡಿಕೊಂಡಳು. "ಆ ಸ್ಪಂಜು ನಮ್ಮ ಸಿಂಕಲ್ಲೇ ಇತ್ತಲ್ಲೇ."

ನಾನು ಕೀಲಿಯನ್ನು ಮಾವನ ಮುಂದಿಟ್ಟೆ. ಅವರು ಅದನ್ನು ನನ್ನ ಕಡೆಗೇ ತಳ್ಳಿದರು. ಸ್ಪಂಜು ಬರೀ ತೇಪೆಯಂತೆ, ತಂತಿ ಪಳಗಲೇಬೇಕಂತೆ. "ಒರೆಸಬೇಡ, ತೊಳೀಬೇಡ. ಸುಮ್ನೆ ಮೀಟ್ತಾ ಇರು."

ನನಗೀಗ ಹದಿನೇಳು. ಹನ್ನೊಂದು ವರ್ಷ ಮೀಟಿದರೆ ಇಪ್ಪತ್ತೆಂಟಕ್ಕೆ ಮುಗಿಯುತ್ತದೆ. ನಾಳೆ ಬೆಳಿಗ್ಗೆ ಏಳಕ್ಕೆ ದಪ್ಪ ತಂತಿಯಿಂದ ಶುರು ಮಾಡುತ್ತೇನೆ.