ತೂಫಾನ್ ಓಡಿದ ಫೋಟೋ

ತಮ್ಮಣ್ಣನವರು ಆ ಮಾತು ಆಡಬಾರದಿತ್ತು. ಆಡಿದರೂ ಬಾಹುಬಲಿ ಅದನ್ನು ಅಷ್ಟು ಅವಸರದಲ್ಲಿ ನಂಬಬಾರದಿತ್ತು.

"ನಮ್ಮ ತೂಫಾನ್ ಓಡೂದನ್ನ ಫೋಟೋದಾಗ ಹಿಡದು ತೋರಸಪಾ. ಆಮ್ಯಾಲ ನಮ್ಮ ಸುಂದರಾನ್ನ ನಿನ್ನ ಕೈಗೆ ಒಪ್ಪಸ್ತೀನಿ!"

ತಮ್ಮಣ್ಣನವರು ಖಾನಾಪುರದ ಕಾಳಿನ ವ್ಯಾಪಾರಿ. ತೂಫಾನ್ ಅವರ ನಾಯಿ, ಸುಂದರಾಬಾಯಿ ಮಗಳು. ಬೆಳಗಾವಿಯ ಅನಗೋಳದಲ್ಲಿ ಅಂಗೈ ಅಗಲದ ಸ್ಟುಡಿಯೋ ಇಟ್ಟುಕೊಂಡಿದ್ದ ಬಾಹುಬಲಿ, ಯಾರದೋ ಮದುವೆಯಲ್ಲಿ ಆ ಹುಡುಗಿಯ ನಗು ನೋಡುತ್ತ ಫೋಟೋದಲ್ಲಿ ಮದುಮಗನ ತಲೆಯನ್ನೇ ಬಿಟ್ಟುಬಿಟ್ಟಿದ್ದ. ಈಗ ಹುಡುಗಿಯ ಅಪ್ಪನೇ ಬಾಯಿಬಿಟ್ಟು ಹೇಳಿದ ಮೇಲೆ ಕೇಳಬೇಕೇ? ಭಾನುವಾರ ಹೊಸ ಅಂಗಿ ತೊಟ್ಟು, ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಖಾನಾಪುರಕ್ಕೆ ಬಂದಿಳಿದ.

ಮನೆಯೆದುರು ಬಯಲು, ಬಯಲಿನ ಅಂಚಿಗೆ ಬಸ್ಸು ನಿಲ್ಲುವ ರಸ್ತೆ. ಬಾಜು ಮನೆಯ ಅಕ್ಕಾತಾಯಿ ಕಟ್ಟೆಯ ಮೇಲೆ ಕುಳಿತು ಉಸ್ತುವಾರಿ ವಹಿಸಿಕೊಂಡಳು. ತಮ್ಮಣ್ಣನವರು ಹಗ್ಗ ಬಿಚ್ಚಿದ್ದೇ ತಡ, ತೂಫಾನ್ ದೌಡಾಯಿಸಿತು. ಬಾಹುಬಲಿ ಕ್ಯಾಮೆರಾ ಕಣ್ಣಿಗೆ ಹಿಡಿದ.

"ಏ, ಬಸ್! ಬಸ್!" ರಸ್ತೆಯಲ್ಲಿ ಯಾರೋ ಕೂಗಿದರು.

ನಾಯಿ ಗಪ್ಪನೆ ಕುಳಿತಿತು. ಕ್ಯಾಮೆರಾ ಕಿಟಕ್ ಎಂದಿತು.

"ಕುಂತ ನಾಯಿ ನಾವು ದಿನಾ ನೋಡ್ತೀವಿ" ಎಂದರು ತಮ್ಮಣ್ಣ.

ಖಾನಾಪುರದ ಜನಕ್ಕೆ ಅವತ್ತೇ ಬೆಳಗಾವಿಗೆ ಹೋಗುವ ಹುಕಿ. ಮತ್ತೆ ನಾಯಿ ಓಡಿತು, ಮತ್ತೆ "ಬಸ್ ಬಂತೋ, ಬಸ್!" ಎಂಬ ಕೂಗು. ಈ ಸಲ ತೂಫಾನ್ ಕುಳಿತದ್ದಲ್ಲದೆ ಮುಂಗಾಲೆತ್ತಿ ಶೇಕ್‌ಹ್ಯಾಂಡಿಗೂ ತಯಾರಾಯಿತು.

"ಕಾಲಾಗ ಏನರ ಮುಳ್ಳ ಮುರದೈತೇನ್ರಿ?" ಬಾಹುಬಲಿ ಬೆವರು ಒರೆಸಿಕೊಂಡ.

ಅಕ್ಕಾತಾಯಿ ಬಿದ್ದು ಬಿದ್ದು ನಕ್ಕಳು. "ಮುಳ್ಳಲ್ಲೋ ತಮ್ಮಾ! ಕೊಲ್ಲಾಪುರದಿಂದ ತಂದ ನಾಯಿ ಅದು, ಮರಾಠಿ ಅಷ್ಟ ತಿಳೀತೈತಿ. ಮರಾಠಿ ಒಳಗ 'ಬಸ್' ಅಂದ್ರ ಕುಂದ್ರು ಅಂತಲ್ಲೇನು?"

"ಮೊದಲ ಹೇಳಬಾರದೇನ್ರಿ ಅಕ್ಕಾರ?"

"ನೀ ಎಲ್ಲಿ ಕೇಳ್ದಿ?"

ಬಾಹುಬಲಿ ರಸ್ತೆಗೆ ಓಡಿ ಜನಕ್ಕೆಲ್ಲ ಕೈಮುಗಿದ. "ಗಾಡಿ ಅನ್ರಿ, ಮೋಟಾರ್ ಅನ್ರಿ, ಬೇಕಾದ್ದ ಅನ್ರಿ. ಅದೊಂದ ಶಬ್ದ ಬ್ಯಾಡ. ನನ್ನ ಮದವಿ ಅದರ ಮ್ಯಾಲೇ ನಿಂತೈತಿ."

"ಯಾವ ಶಬ್ದರಿ? ಬಸ್ಸೇನು?" ಎಂದ ಒಬ್ಬ ಪುಣ್ಯಾತ್ಮ ಗಟ್ಟಿಯಾಗಿ. ಬಯಲಿನ ನಡುವೆ ತೂಫಾನ್ ಮತ್ತೆ ಕುಳಿತಿತು.

"'ಪಳ' ಅನ್ನೋ, ಓಡತೈತಿ!" ಎಂದು ಅಕ್ಕಾತಾಯಿ ಕಟ್ಟೆಯಿಂದಲೇ ಕೂಗಿದಳು.

"ಪಳ! ಪಳ!" ಎಂದು ಬಾಹುಬಲಿ ಅರಚಿದ. ತೂಫಾನ್ ಓಡಿತು, ಖರೇ. ಆದರೆ ನೆಟ್ಟಗೆ ಅವನ ಮೇಲೆಯೇ! ಬಾಹುಬಲಿ ಎದ್ದೆನೋ ಬಿದ್ದೆನೋ ಎಂದು ಓಡಿ, ಹೊಸ ಅಂಗಿಯ ಸಮೇತ ತಿಪ್ಪೆಯಲ್ಲಿ ಅಂಗಾತ ಬಿದ್ದ. ನಾಯಿ ಅವನನ್ನು ದಾಟಿ ಹಾರಿತು. ನಾಲ್ಕೂ ಕಾಲು ಗಾಳಿಯಲ್ಲಿ. ಕಿಟಕ್!

"ಭಲೇ ಮಗನ!" ತಮ್ಮಣ್ಣನವರು ಕುಣಿದೇಬಿಟ್ಟರು. "ಹಾರೂದನ್ನ ಹಿಡದಿ! ನಾ ಕಣ್ಣಾರೆ ನೋಡೀನಿ. ಮಾತಂದ್ರ ಮಾತು. ಸುಂದರಾ, ಹೊರಗ ಬಾರವಾ!"

ಜರಿ ಸೀರೆ ಉಟ್ಟು, ಮಲ್ಲಿಗೆ ಮುಡಿದು ಸುಂದರಾಬಾಯಿ ಬಂದಳು. ಬಾಹುಬಲಿಗೆ ಸ್ವರ್ಗ ಮೂರೇ ಗೇಣು. ಸೆಗಣಿ ಒರೆಸಿಕೊಂಡು, ಬಗ್ಗಿ ತಮ್ಮಣ್ಣನವರ ಕಾಲು ಮುಟ್ಟಿದ.

"ಇರ್ಲಿ ಏಳೋ. ಇನ್ನ ಇಕಿ ಫೋಟೋ ತಗಿ. ಸಾಂಗ್ಲಿ ವರನ ಕಡೆಯವ್ರಿಗೆ ಕಳಸಬೇಕು. ಈ ಹುಡಿಗಿ ಒಂದ ಗಳಿಗಿ ಸುಮ್ಮ ಕುಂದರಾಂಗಿಲ್ಲ, ತಗದ ಫೋಟೋ ಎಲ್ಲಾ ಮಸಕ. ಓಡೂ ನಾಯೀನ್ನ ಹಿಡ್ಯಾಂವ ಇಕೀನ್ನೂ ಹಿಡೀತಾನಂತ ನಿನಗ ಪರೀಕ್ಷಾ ಇಟ್ಟಿದ್ನಿ."

ಬಾಹುಬಲಿ ಮುಟ್ಟಿದ ಕಾಲು ಬಿಟ್ಟು ಕ್ಯಾಮೆರಾ ಎತ್ತಿಕೊಂಡ. ಸುಂದರಾಬಾಯಿ ಕುರ್ಚಿಯಲ್ಲಿ ಕುಳಿತಳು. ಸಾಂಗ್ಲಿ ಎಂಬ ಹೆಸರು ಕಿವಿಗೆ ಬಿದ್ದದ್ದೇ, ಹುಟ್ಟಿದಾಗಿನಿಂದ ಅಲುಗಾಡುತ್ತಲೇ ಇದ್ದ ಹುಡುಗಿ ರೆಪ್ಪೆ ಕೂಡ ಬಡಿಯದೆ ನಗುತ್ತ ಕುಳಿತಳು.

ಅಕ್ಕಾತಾಯಿ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. "ಅಯ್ಯ ನಮ್ಮವ್ವ, ಹುಡಿಗಿ ಗೊಂಬಿ ಹಂಗ ಕುಂತಾಳಲ್ಲೋ! ನೀ ಯಾಕ ನಡಗಾಕತ್ತಿ, ಫೋಟೋದ ತಮ್ಮಾ?"