ಹಲಬರ್ಗಾದ ನುಸಿಯ ಕಾಲುಗಳೂ ಮಕ್ಬೂಲನ ಹಾಜರಿಯೂ

ಹೈದರಾಬಾದಿನ ಮಣ್ಣುಜೀವಿ ನಾಮಕರಣ ಕಚೇರಿಯ ಮಹಾಮಾನ್ಯ ಮುಖ್ಯಾಧಿಕಾರಿಗಳೇ,

ಭಾಲ್ಕಿಯ ಮಿಷನ್ ಶಾಲೆಯ ವಿಜ್ಞಾನ ಶಿಕ್ಷಕಿ ಇವಾಂಜಲಿನಳ ಶಿರಬಾಗಿದ ವಂದನೆಗಳು. ೧೯೪೮ರ ಬೇಸಿಗೆಯಲ್ಲಿ ಕಳಿಸಿದ ಅರ್ಜಿಗೆ ೧೯೫೧ರ ಕ್ರಿಸ್‌ಮಸ್ಸಿಗೆ ಮುಂಚೆಯೇ ಉತ್ತರ ದಯಪಾಲಿಸಿದ್ದೀರಿ. ನಡುವೆ ಒಂದು ಸರ್ಕಾರ ಬಿದ್ದು ಇನ್ನೊಂದು ಎದ್ದರೂ ತಮ್ಮ ಕುರ್ಚಿ ಕೂದಲೆಳೆಯಷ್ಟೂ ಅಲುಗದಿದ್ದುದು ಕಂಡು ಧನ್ಯಳಾದೆ.

ಮರೆತಿದ್ದರೆ ನೆನಪಿಸುತ್ತೇನೆ. ಭಾಲ್ಕಿ ಹತ್ತಿರದ ಹಲಬರ್ಗಾದಲ್ಲಿ ಗೊಬ್ಬರಕ್ಕೆಂದು ಹೊಲದಲ್ಲಿ ರಾತ್ರಿಯಿಡೀ ಕುರಿ ತರುಬಿ ನಿಲ್ಲಿಸುತ್ತಾರೆ. ಕುರಿ ನಿಂತೆದ್ದ ಮಣ್ಣನ್ನು ಕುರಿಗಾರರ ಸಖುಬಾಯಿ ಜರಡಿಯಲ್ಲಿ ಹಾಕಿ ಬಿಸಿಲಿಗಿಟ್ಟರೆ, ಕಾವು ತಾಳದೆ ಸಾಸಿವೆಗಿಂತ ಸಣ್ಣ ಕೆಂಪು ನುಸಿಗಳು ಕೆಳಗಿನ ಬಿಳಿ ಬಟ್ಟೆಗೆ ಉದುರುತ್ತವೆ. ಹೆಚ್ಚು ಉದುರಿದರೆ ಹೊಲ ಬಿತ್ತನೆಗೆ ಹದವಾಯಿತೆಂದು ಲೆಕ್ಕ. ಭಾಲ್ಕಿಯ ಗಡಿಯಾರ ರಿಪೇರಿಯ ಮಕ್ಬೂಲ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯಲ್ಲಿ ನೋಡಿ, ಬೆನ್ನ ಮೇಲಿನ ಎರಡು ಬಿಳಿ ಕೂದಲು ನನ್ನ ಪುಸ್ತಕದ ಯಾವ ನುಸಿಗೂ ಇಲ್ಲವೆಂದು ಮೊದಲು ಗುರುತಿಸಿದ. ಚಿಮಟದಿಂದ ಎಂಟೂ ಕಾಲುಗಳನ್ನು ಬಿಡಿಸಿಟ್ಟು ಚಿತ್ರ ಬರೆದ. ನಾನು ವರ್ಣನೆ ಬರೆದು, ಅತ್ತರಿನ ಶೀಶೆಯಲ್ಲಿ ಸ್ಪಿರಿಟ್ ತುಂಬಿ ನುಸಿಗಳನ್ನು ಕಳಿಸಿ, ಮಕ್ಬೂಲನ ಹೆಸರಿಡಿ ಎಂದು ಬೇಡಿಕೊಂಡೆ.

ತಾವು ಶೀಶೆಯಿಂದ ಒಂದೇ ಒಂದನ್ನು ಆರಿಸಿ, ಕಾಲು ಎಣಿಸಿ, ಆರೇ ಇರುವುದರಿಂದ ಇದು ನುಸಿಯಲ್ಲ ಕೀಟ, ಅರ್ಜಿದಾರರಿಗೆ ಎಣಿಕೆ ಬಾರದು ಎಂದು ಅಪ್ಪಣೆ ಕೊಡಿಸಿದಿರಿ. ಅಬ್ಬಬ್ಬಾ, ಏನು ಪಾಂಡಿತ್ಯ! ಪತ್ರ ಓದಿ ಹೇಳಿದಾಗ ಸಖುಬಾಯಿ ಸೆರಗು ಬಾಯಿಗೊತ್ತಿಕೊಂಡು ನಕ್ಕು, “ಸಾಹೇಬ್ರು ಮರಿ ನೋಡ್ಯಾರ್ರಿ ಅಕ್ಕೋರ. ಕುರಿ ಉಣ್ಣಿ ಮರಿಗೂ ಆರ ಕಾಲ ಇರ್ತಾವ್ರಿ, ದೊಡ್ಡದಾದ ಮ್ಯಾಲ ಎಂಟ ಆಗ್ತಾವ. ಇಂಥವ್ರು ಸಾಹೇಬ್ರು ಹ್ಯಾಂಗ ಆದ್ರರಿ?” ಎಂದಳು. ಕೊನೆಯ ಪ್ರಶ್ನೆಯನ್ನು ತಮ್ಮ ಸನ್ನಿಧಾನಕ್ಕೇ ರವಾನಿಸಿದ್ದೇನೆ.

ಅಷ್ಟಾದರೂ ಜೀವಿ ಹೊಸದೆಂದು ಒಪ್ಪಿದ್ದೀರಿ, ದೊಡ್ಡ ಮನಸ್ಸು. ಆದರೆ ಕಂಡುಹಿಡಿದವನು ಇಬ್ಬರು ಸಾಕ್ಷಿಗಳೊಡನೆ ಹದಿನೈದು ದಿನದೊಳಗೆ ಖುದ್ದು ಹಾಜರಾಗದಿದ್ದರೆ ತಮ್ಮ ಹೆಸರನ್ನೇ ಇಡುವುದಾಗಿ ತಿಳಿಸಿದ್ದೀರಿ. ಮಾನ್ಯರೇ, ಮಕ್ಬೂಲ ಬರಲಾರ. ಅರ್ಜಿ ಕಳಿಸಿದ ವರ್ಷವೇ, ಸೇನೆ ಬಂದು ಪೊಲೀಸ್ ಆಕ್ಷನ್ ಆದ ವಾರ, ಹಳೇ ಸರ್ಕಾರದ ರಜಾಕಾರ ದಂಡಿನ ಮೇಲಿನ ಸೇಡನ್ನು ಕೈಗೆ ಸಿಕ್ಕವರ ಮೇಲೆ ತೀರಿಸಿಕೊಂಡ ಜನ ಅವನನ್ನು ಅಂಗಡಿಯಿಂದ ಹಲಬರ್ಗಾ ದಾರಿಗೆ ಎಳೆದೊಯ್ದು ಕೊಂದು ಅಲ್ಲೇ ಹೂತರು. ಅವನು ರಜಾಕಾರನಲ್ಲ, ಊರಿನ ಗಡಿಯಾರಗಳನ್ನು ಸರಿಯಿಟ್ಟವನು.

ಆದ್ದರಿಂದ ಆ ಹದಿನೈದು ದಿನದ ವಾಯಿದೆಯನ್ನು, ಅವನು ಕಯಾಮತ್ ಎನ್ನುತ್ತಿದ್ದ, ನಾವು ಕಡೇ ತೀರ್ಪು ಎನ್ನುವ ದಿನದವರೆಗೆ ವಿಸ್ತರಿಸಬೇಕೆಂದು ಪ್ರಾರ್ಥನೆ. ಅಂದು ಅವನೂ, ಸಾಕ್ಷಿಗಳೂ, ಕೊಂದವರೂ ಖುದ್ದು ಹಾಜರಿರುತ್ತಾರೆ. ಅಷ್ಟು ಕಾಯುವುದು ಕಚೇರಿಗೆ ತೊಂದರೆಯಾದರೆ, ನುಸಿಗೆ ಅವನ ಹೆಸರು ಇಟ್ಟುಬಿಡಿ.

ತಾಳ್ಮೆ ಮುಗಿದರೂ ವಿನಯ ಮುಗಿಯದ ತಮ್ಮ ವಿಶ್ವಾಸಿ,
ಇವಾಂಜಲಿನ

ತಾ.ಕ.: ತಮ್ಮ ನಮೂನೆಯನ್ನು ತುಂಬಿ ಲಗತ್ತಿಸಿದ್ದೇನೆ. ‘ಜೀವಿಯ ವಾಸಸ್ಥಳ’ ಎಂಬಲ್ಲಿ ಹಲಬರ್ಗಾದ ಮಣ್ಣು ಎಂದಿದೆ. ‘ಕಂಡುಹಿಡಿದವರ ಈಗಿನ ವಿಳಾಸ’ ಎಂಬಲ್ಲಿಯೂ ಅದೇ ಇದೆ. ತಮ್ಮ ಗುಮಾಸ್ತರು ಕೈತಪ್ಪೆಂದು ತಿದ್ದದಿರಲಿ.