ಅಕ್ಕನ ಪಿತ್ತಕೋಶದ ಮೇಲೆ ಭಾವನವರ ಮಹಾಯುದ್ಧ

ನಮ್ಮ ಭಾವನವರು ಒಂದು ಯುದ್ಧಕ್ಕೂ ಹೋದವರಲ್ಲ. ಆದರೂ ಅವರಷ್ಟು ಯುದ್ಧ ಸೋತವರು ಈ ದೇಶದಲ್ಲಿ ಇನ್ನೊಬ್ಬರಿರಲಾರರು! ಮೂಲ ಬೀದರಿನವರು, ನಾಸಿಕ್ ಬಳಿಯ ಓಝರಿನ ವಿಮಾನ ಕಾರ್ಖಾನೆಯಲ್ಲಿ ಜೀವಮಾನವಿಡೀ ರಿವೆಟ್ ಮೊಳೆ ಪರೀಕ್ಷಿಸಿ, ರಿಟೈರ್ ಆಗಿ ನಾಸಿಕ್‌ನಲ್ಲೇ ನೆಲೆಸಿದ್ದರು. ನಿವೃತ್ತಿಯ ಮರುವಾರವೇ ರದ್ದಿ ಅಂಗಡಿಯಿಂದ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ತಂದರು. ಯುದ್ಧಕಾಲದಲ್ಲಿ ಸರ್ಕಾರಗಳು ಜನರ ಮನಸ್ಸನ್ನು ಹೇಗೆ ತಿರುಗಿಸುತ್ತವೆ ಎಂಬುದು ಅದರ ವಿಷಯ. ನಾನು ಓದಿದ ಕಾನ್ವೆಂಟಿನ ಮದರ್ ಸುಪೀರಿಯರ್ ಬೈಬಲ್ಲನ್ನೂ ಅಷ್ಟು ಭಕ್ತಿಯಿಂದ ಓದಿರಲಿಕ್ಕಿಲ್ಲ, ಗಾಡ್ ಫರ್ಗಿವ್ ಮೀ!

ಪುಸ್ತಕ ಮುಗಿಯುವ ಹೊತ್ತಿಗೆ ಯುದ್ಧವೂ ಒದಗಿಬಂತು. ಅಕ್ಕನ ಪಿತ್ತಕೋಶದಲ್ಲಿ ಕಲ್ಲು. ಆಪರೇಷನ್ ಆಗಲೇಬೇಕು, ತಡವಾದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. ನಾನಿದ್ದ ಔರಂಗಾಬಾದಿನಲ್ಲಿ (ಆಗಿನ್ನೂ ಅದೇ ಹೆಸರು) ಒಳ್ಳೆಯ ಸರ್ಜನ್ ಗೊತ್ತಿದ್ದರು. ಆದರೆ ಅಕ್ಕ ಒಲ್ಲೆ ಎಂದಳು. ನಮ್ಮ ಅವ್ವ ಹೀಗೆಯೇ ಆಪರೇಷನ್ನಿಗೆಂದು ಹೋದವಳು ಮನೆಗೆ ಮರಳಿರಲಿಲ್ಲ. ಅದರ ಮುಂದೆ ಯಾರ ಲಾಜಿಕ್ ನಡೆದೀತು?

ಅವಳನ್ನು ಒಪ್ಪಿಸೋಣವೆಂದು ನಾನು ಮನ್ಮಾಡ್‌ನಲ್ಲಿ ರೈಲು ಬದಲಿಸಿ ನಾಸಿಕ್ ತಲುಪಿದರೆ, ಭಾವ ನನ್ನನ್ನು ಹೊಸ್ತಿಲಲ್ಲೇ ತಡೆದರು.

"ನೋಡವಾ, ನೀ ಅತ್ತು ಕರದು ಮಾಡಬ್ಯಾಡ. ಇದಕ್ಕೊಂದು ಸೈನ್ಸ್ ಅದ."

ಪುಸ್ತಕದ ಮೊದಲನೆಯ ಅಸ್ತ್ರ ಪುನರುಕ್ತಿ. ಒಂದೇ ಮಾತನ್ನು ನೂರು ಸಲ ಹೇಳಿದರೆ ಕೇಳುವವರಿಗೆ ಅದು ತಮ್ಮದೇ ವಿಚಾರ ಅನ್ನಿಸುತ್ತದಂತೆ. ಚಹಾ ಕುಡಿಯುವಾಗ, ಬಟ್ಟೆ ಮಡಚುವಾಗ, ಟಿವಿ ಮುಂದೆ, ಎಲ್ಲ ಕಡೆಯೂ "ಕಲ್ಲು ತಗಸಬೇಕು, ಕಲ್ಲು ತಗಸಬೇಕು." ಮೂರನೆಯ ದಿನ ಅಕ್ಕ ಮೊರದ ತುಂಬ ತೊಗರಿಬೇಳೆ ತಂದು ಅವರ ಮುಂದಿಟ್ಟಳು. ಕಲ್ಲಿನ ಚಿಂತೆ ಅಷ್ಟಿದ್ದರೆ ಇಲ್ಲಿಂದ ಶುರು ಮಾಡಿರಿ ಎಂದಳು. ಜನರಲ್ ಸಾಹೇಬರು ಮಧ್ಯಾಹ್ನದವರೆಗೆ ಬೇಳೆ ಆರಿಸಿದರು!

ಎರಡನೆಯದು, 'ಎಲ್ಲರೂ ಹೊರಟರು, ನೀನೊಬ್ಬಳೇ ಹಿಂದೆ' ಎಂಬ ಅಸ್ತ್ರ. ಆಪರೇಷನ್ ಆದ ಮೂವರು ಹೆಂಗಸರನ್ನು ಹುಡುಕಿ ತಂದು ಹಾಲ್‌ನಲ್ಲಿ ಕೂರಿಸಿದರು. ಅವರೋ, ಯಾರ ಹೊಲಿಗೆ ಉದ್ದ ಎಂದು ಪಂದ್ಯಕ್ಕೆ ಬಿದ್ದರು. ಒಬ್ಬಾಕೆಯಂತೂ ತನಗೆ ನಡುವೆಯೇ ಎಚ್ಚರವಾಗಿ ಡಾಕ್ಟರರ ಮಾತೆಲ್ಲ ಕೇಳಿಸಿತು ಎಂದುಬಿಟ್ಟಳು. ಅಕ್ಕ ಉಪ್ಪಿಟ್ಟು ಬಡಿಸುತ್ತಲೇ ಬಿಳಿಚಿಕೊಂಡಳು.

ಆಗ ಭಾವ ಮಹಾಸ್ತ್ರ ತೆಗೆದರು. "ವೈರಿಗಿ ಒಂದು ಮುಖ ಬೇಕವಾ. ಮುಖ ಇಲ್ಲದ್ದಕ್ಕ ಮಂದಿ ಅಂಜಂಗಿಲ್ಲ." ಹೊಸ ಡ್ರಾಯಿಂಗ್ ಶೀಟಿನಲ್ಲಿ ಒಂದು ಗುಂಡುಕಲ್ಲು ಬರೆದು, ಕೆಂಪು ಬಳಿದು, ಅದಕ್ಕೆ ಬಟ್ಟಲಗಣ್ಣು, ಕೋರೆಹಲ್ಲು ಇಟ್ಟರು. ಕೆಳಗೆ ದಪ್ಪಕ್ಷರದಲ್ಲಿ, 'ವೈರಿ ನಿನ್ನ ಹೊಟ್ಟೆಯಲ್ಲಿದ್ದಾನೆ. ಇಂದೇ ಹೊರಹಾಕು.' ಮನೆಯೊಳಗೆ ಹಚ್ಚಿದರೆ ಅಕ್ಕ ಹರಿದಾಳೆಂದು ಮೆಟ್ಟಿಲ ಗೋಡೆಗೆ ಹಚ್ಚಿದರು. ಇಡೀ ಬಿಲ್ಡಿಂಗಿನಲ್ಲಿ ಕನ್ನಡ ಬಲ್ಲವರು ನಾವೇ. ಗುಟ್ಟು ಗುಟ್ಟಾಗಿಯೇ ಇರುತ್ತದೆ ಎಂಬ ಲೆಕ್ಕ. ವಾಟ್ ಎ ಬ್ರೇನ್!

ಆದರೆ ಮಹಾರಾಷ್ಟ್ರದಲ್ಲಿ ಕೆಂಪು ಬಳಿದ ಕಲ್ಲಿಗೆ ದೊಡ್ಡ ಕಣ್ಣಿಟ್ಟರೆ ಅದು ಏನಾಗುತ್ತದೆ? ದೇವಿಯಾಗುತ್ತದೆ! ಮರುದಿನ ಬೆಳಿಗ್ಗೆ ಕೆಳಮನೆಯ ಹಿರಿಯ ಮರಾಠಿ ಹೆಂಗಸು ಕಾಕು ಅದಕ್ಕೆ ಕುಂಕುಮ ಹಚ್ಚಿ, ಊದುಬತ್ತಿ ಸಿಗಿಸಿ, ಕೈಮುಗಿದು ನಿಂತಿದ್ದರು. ನಿಮ್ಮ ಊರ ಕಡೆಯ ದೇವಿ ಬಹಳ ಜಾಗೃತಳಂತೆ ಕಾಣುತ್ತಾಳೆ, ಕೆಳಗೆ ಬರೆದ ಮಂತ್ರವನ್ನು ಮರಾಠಿಯಲ್ಲಿ ಬರೆದುಕೊಡಿ ಎಂದು ನನ್ನನ್ನೇ ಕೇಳಿದರು. ಸಂಜೆಯ ಹೊತ್ತಿಗೆ ತೆಂಗಿನಕಾಯಿ ಒಡೆದಾಗಿತ್ತು. ಅಕ್ಕನ ಪಿತ್ತಕೋಶದ ಕಲ್ಲಿಗೆ ಪೇಢೆಯ ನೈವೇದ್ಯ!

ಅಕ್ಕ ಪ್ರಸಾದ ತಂದು ಗಂಡನ ಅಂಗೈಯಲ್ಲಿಟ್ಟಳು. "ನಿನ್ನಿತನ ಬರೇ ಕಲ್ಲಿತ್ತು. ಈಗ ದೇವರಾಗ್ಯಾದ. ದೇವರಿಗಿ ಚಾಕು ಹಾಕಸ್ತೀರೇನ್ರಿ?"

ಭಾವ ಪ್ರಸಾದ ಹಿಡಿದೇ ಹೋಗಿ ಕುರ್ಚಿಯಲ್ಲಿ ಕೂತರು. ಮರುದಿನವೂ ಅಲ್ಲೇ ಕೂತಿದ್ದರು. ಚಹಾ ಆರಿ ಕೆನೆಗಟ್ಟಿತು. ಇದೂ ಪುಸ್ತಕದ ಯಾವುದೋ ಪಾಠವಿರಬೇಕೆಂದು ನಾನು ನಗುವುದಕ್ಕಿದ್ದೆ; ಅಷ್ಟರಲ್ಲಿ ಅಕ್ಕ, ಯಾಕೆ ಹೀಗೆ ಕುಂತಿರಿ ಎಂದು ಕೇಳಿದಳು.

"ನನಗ ಅಂಜಿಕಿ ಆಗ್ಯಾದ," ಎಂದರು ಭಾವ. "ನೀ ಇಲ್ಲದ ಮನಿ..."

ಅಕ್ಕ ಆರಿದ ಚಹಾ ಬದಿಗೆ ಸರಿಸಿ ಅವರೆದುರು ಕೂತಳು. "ಇಷ್ಟು ಮೊದಲೇ ಹೇಳಿದ್ರ ಆಗ್ತಿರಲಿಲ್ಲೇನ್ರಿ?"

"ಯುದ್ಧದಾಗ ನಮ್ಮ ಕಡೀದವರ ಅಂಜಿಕಿ ಹೊರಗ ತೋರಸಬಾರದಂತ ಪುಸ್ತಕದಾಗ ಅದ."

ಅಕ್ಕ ಎದ್ದು ಹೋಗಿ ಸೀರೆಗಳನ್ನು ಬ್ಯಾಗಿಗೆ ತುಂಬತೊಡಗಿದಳು.

ಔರಂಗಾಬಾದಿನ ಆಸ್ಪತ್ರೆಯಲ್ಲಿ ಥಿಯೇಟರಿನ ಬಾಗಿಲು ಮುಚ್ಚುವ ಮೊದಲು ನರ್ಸ್ ಅಕ್ಕನ ಚಪ್ಪಲಿಗಳನ್ನು ತಂದು ಭಾವನ ಕೈಗಿತ್ತಳು. ನಮ್ಮ ಮಂದಿಯಲ್ಲಿ ಹೆಂಡತಿಯ ಚಪ್ಪಲಿ ಮುಟ್ಟಿದ ಗಂಡಸನ್ನು ನಾನಂತೂ ಕಂಡಿರಲಿಲ್ಲ. ಅವರು ಅವನ್ನು ಎದೆಗೊತ್ತಿಕೊಂಡು, ಬೆಂಚಿದ್ದರೂ ಕೂರದೆ ನಿಂತೇ ಇದ್ದರು. ಕೆಳಗಿಡಿ ಭಾವ ಎಂದೆ.

"ಬ್ಯಾಡವಾ. ಹೊರಗ ಬಂದ ಕೂಡ್ಲೇ ಬೇಕಾಗ್ತಾವ."

ನಾಲ್ಕನೆಯ ದಿನ ಬೇಕಾದವು. ಬಗ್ಗಿ ಅವಳ ಕಾಲಿಗೆ ಹಾಕಿದವರೂ ಅವರೇ.